ಗಾದಿ ಬಡಿಯುವ ಆಟ

ಸಿಂದಗಿಯಿಂದ ಇಂಡಿಗೆ ಹೋಗುವ ದಾರಿಯಲ್ಲಿ ಆ ಊರು. ಹೆಸರು ಬೇಡ. ಹೇಳಿದರೆ ನಾಳೆಯೇ ಊರವರು ಬಂದು ನಮ್ಮ ಸಾಲಿಯ ಮರ್ಯಾದೆ ತೆಗೆದಿರಿ ಎಂದು ಜಗಳಕ್ಕೆ ನಿಲ್ಲುತ್ತಾರೆ. ಮಕ್ಕಳ ಬೆನ್ನ ಮೇಲೆ ಬಾಸುಂಡೆ ಎದ್ದಾಗ ಹೋಗದ ಮರ್ಯಾದೆ, ಅದನ್ನು ಬಾಯಿಬಿಟ್ಟು ಹೇಳಿದಾಗ ಹೋಗುತ್ತದೆ.

ಆ ಊರಲ್ಲಿ ಪಿಂಜಾರ ಫಕೀರಸಾಬನನ್ನು ಕಂಡರೆ ನಗದವರಿಲ್ಲ. ನಗಲಿಕ್ಕೆ ಕಲಿಸಿದವನೂ ಅವನೇ. ಹತ್ತಿ ಬಡಿದು ಗಾದಿ ಹೊಲಿಯುವುದು ಅವನ ಕಸುಬು. ಅವನಪ್ಪ ಚಮನಸಾಬ ತಂತಿ ಬಿಗಿದ ಬಿಲ್ಲಿನಿಂದ ಹತ್ತಿ ಬಡಿಯುತ್ತಿದ್ದ, ಇವನು ಮಷಿನ್ನಿನಿಂದ ಬಡಿಯುತ್ತಾನೆ. ಮಷಿನ್ನು ಬಂದರೂ ಎದೆಯೊಳಗೆ ಹತ್ತಿ ಹೋಗುವುದು ತಪ್ಪಿಲ್ಲ. ಹುಬ್ಬು, ರೆಪ್ಪೆ, ಗಡ್ಡ, ಕಿವಿಯೊಳಗಿನ ಕೂದಲು, ಎಲ್ಲ ಬೆಳ್ಳಗೆ. ನಲವತ್ತು ತುಂಬದ ಮನುಷ್ಯ ಸಂಜೆಯಾಗುವುದರೊಳಗೆ ಮುದುಕನಾಗುತ್ತಾನೆ. ಕೆಮ್ಮತೊಡಗಿದರೆ ಎದುರಿನ ಮನೆಯ ಕೋಳಿಗಳು ಓಡುತ್ತವೆ.

ಜನ ನಗುವ ಮೊದಲೇ ತನ್ನನ್ನು ತಾನೇ ನಗೆಗೀಡು ಮಾಡಿಕೊಳ್ಳುವುದು ಅವನು ಕಂಡುಕೊಂಡ ಉಪಾಯ. ಯಾರದೇ ಅಂಗಳಕ್ಕೆ ಕಾಲಿಡಲಿ, ಮೊದಲ ಮಾತು ಅದೇ: "ಯಕ್ಕಾರ, ಹತ್ತಿ ಕಡಿಮಿ ಬಿದ್ರ ಹೇಳ್ರಿ, ನನ್ನ ಗಡ್ಡ ಕಿತ್ತು ತುಂಬ್ತೇನಿ." ಅವರು ನಗುತ್ತಿದ್ದರು. ನಕ್ಕು ಚಹಾ ಕೊಡುತ್ತಿದ್ದರು, ಬೇರೆ ಲೋಟದಲ್ಲಿ. ಆ ಲೋಟದ ಮೇಲೂ ಅವನು ಒಂದು ಚಾಷ್ಟಿ ಮಾಡಿ ನಗಿಸುತ್ತಿದ್ದ. ಹೊಡೆಯುವವನ ಕೈಯ ಕೋಲು ಕಸಿದುಕೊಂಡು ತಾನೇ ಹೊಡೆದುಕೊಂಡರೆ ನೋವಾಗುವುದಿಲ್ಲ ಎಂದು ತಿಳಿದ ಶಾಣ್ಯಾ ಅವನು.

ಆ ಬಾಯಿಬಡುಕನಿಗೂ ಒಂದು ವಿಷಯದಲ್ಲಿ ಬಾಯಿ ಕಟ್ಟಿತ್ತು. ಗಾದಿ ಬಿಚ್ಚಿದರೆ ಆ ಮನೆಯನ್ನೇ ಬಿಚ್ಚಿದ ಹಾಗೆ. ಮುದುಕರ ಉಚ್ಚೆ, ಬಾಣಂತಿಯ ರಕ್ತ, ಸೊಸೆಗೆ ಗೊತ್ತಿಲ್ಲದೆ ಅತ್ತೆ ತುರುಕಿಟ್ಟ ತಾಯತ, ಎಲ್ಲ ಅದರೊಳಗೆ ಸಿಗುತ್ತವೆ. ಪಿಂಜಾರ ನೋಡುತ್ತಾನೆ, ಹೇಳುವುದಿಲ್ಲ. ಕಲೆಯಿದ್ದ ಮಗ್ಗುಲನ್ನು ಒಳಗೆ ಮಾಡಿ ಮಡಚು, ಆಮೇಲೆ ಕತ್ತರಿ ಹಾಕು ಎಂದು ಚಮನಸಾಬ ಕಲಿಸಿದ್ದ. ಕಟ್ಟಿಕೊಂಡ ಹೆಂಡತಿಗೂ ಹೇಳಬೇಡ ಎಂದಿದ್ದ. ಫಕೀರಸಾಬ ಅಪ್ಪನ ಮಾತುಗಳಲ್ಲಿ ಪಾಲಿಸಿದ್ದು ಅದೊಂದನ್ನೇ.

ಮಗಳು ನಿಷತ ಎಂಟನೇ ಇಯತ್ತೆ. ಆ ಮನೆಯಲ್ಲಿ ಎಂಟನೇ ಇಯತ್ತೆಯ ಬಾಗಿಲು ಕಂಡವಳು ಅವಳೊಬ್ಬಳೇ. ಒಂದು ಶುಕ್ರವಾರ ತಾಯಿ ಅಬಿದಾ ಅವಳ ತಲೆಗೆ ನೀರು ಹಾಕುವಾಗ ಬೆನ್ನು ಕಂಡಿತು. ಕೆಂಪು, ನೀಲಿ, ಹಳದಿಗೆ ತಿರುಗಿದ ಹಳೆಯವು. ಅಗಲ ಪಟ್ಟಿಯಂಥ ಗುರುತುಗಳು.

"ಯಾರು ಬಡದಾರ?"

"ಆಟ ಅವ್ವಾ."

"ಎಂಥಾ ಆಟ?"

"ಗಾದಿ ಆಟ."

ಆಟ ಹೀಗಿತ್ತು. ಊಟದ ಬಿಡುವಿನಲ್ಲಿ ನಿಷತ ಮೊಣಕಾಲಿಗೆ ಕೈ ಊರಿ ಬಗ್ಗಬೇಕು. ಬೆನ್ನ ಮೇಲೆ ಅವಳದೇ ಪಾಟಿಚೀಲ. ಅದು ಗಾದಿ. ಕಟ್ಟಿಗೆಯ ಸ್ಕೇಲು ಹಿಡಿದು ಹುಡುಗರು ಅದನ್ನು ಬಡಿಯಬೇಕು. ಹುಡುಗಿಯರು ಅವಳ ತಲೆಗೆ ಹಲಗೆಗೆ ಬರೆಯುವ ಖಡುವಿನ ಪುಡಿ ಉದುರಿಸಬೇಕು. ಅದು ಹತ್ತಿ. ಚೀಲದ ಮೇಲಿಂದ ಸ್ಕೇಲು ಜಾರಿದರೆ ಬೆನ್ನಿಗೆ, ಸೊಂಟಕ್ಕೆ. ಬಡಿದು ಮುಗಿಯುವವರೆಗೂ ಅವಳು ಬಿಲ್ಲಿನ ತಂತಿಯ ಹಾಗೆ 'ಟುಂಯ್ ಟುಂಯ್' ಅನ್ನುತ್ತಲೇ ಇರಬೇಕು. ಸದ್ದು ನಿಂತರೆ ಏಟು ಜೋರು. ಆಟದ ಮುಖಂಡ ಸುನೀಲಕುಮಾರ, ಊರಿನ ದೊಡ್ಡ ಹೊಲದ ರಾವಸಾಬನ ಮಗ. ಸಾಲಿಯ ಮೇಲುಸ್ತುವಾರಿ ಸಮಿತಿಗೆ ರಾವಸಾಬನೇ ಅಧ್ಯಕ್ಷ.

ಅಬಿದಾ ಗಂಡನ ಮುಖ ನೋಡಿದಳು. ಫಕೀರಸಾಬ ನೆಲ ನೋಡಿದ. ಯಾಕೆಂದರೆ ಆ 'ಟುಂಯ್ ಟುಂಯ್' ಅವನ ದಾನ.

ಸಾಲಿ ಶುರುವಾದ ಹೊಸತರಲ್ಲಿ, ಎಲ್ಲರೂ ತನ್ನನ್ನು ಗಾದಿ ಗಾದಿ ಅಂತಾರೆ ಎಂದು ನಿಷತ ಅಳುತ್ತ ಬಂದಿದ್ದಳು. ಅಪ್ಪ ತನ್ನ ಜೀವಮಾನದ ಜ್ಞಾನವನ್ನೆಲ್ಲ ಧಾರೆ ಎರೆದಿದ್ದ. "ಅಳಬ್ಯಾಡ ಹುಚ್ಚಿ. ಅವ್ರು ಅನ್ನೂಕಿಂತ ಮೊದ್ಲ ನೀನ ಅಂದ್ಬಿಡು. ಟುಂಯ್ ಟುಂಯ್ ಅಂತ ಮಾಡಿ ತೋರ್ಸು. ನಗ್ತಾರ, ನಕ್ಕು ಬಿಡ್ತಾರ." ಅಂಗಳದಲ್ಲಿ ಬಗ್ಗಿ ನಿಂತು ತಾನೇ ಮಾಡಿಯೂ ತೋರಿಸಿದ್ದ. ಮಗಳು ಜಾಣೆ, ಒಂದೇ ಸಲಕ್ಕೆ ಕಲಿತಳು. ಸಾಲಿಯಲ್ಲಿ ಮಾಡಿ ತೋರಿಸಿದಳು. ಅವರು ನಕ್ಕರು. ಬಿಡಲಿಲ್ಲ. ಮಗಳಿಗೆ ಹೊಡೆಯುವ ಆಟಕ್ಕೆ ಅಪ್ಪನೇ ರಾಗ ಹಾಕಿಕೊಟ್ಟ ಊರು ಇನ್ನೊಂದಿದ್ದರೆ ತೋರಿಸಿರಿ.

"ಹೋಗ್ರಿ ಸಾಲಿಗಿ," ಎಂದಳು ಅಬಿದಾ. "ಈ ಸಲ ಚಾಷ್ಟಿ ಮಾಡಿ ಬಂದ್ರ ಮನ್ಯಾಗ ಕೂಳ ಹಾಕಂಗಿಲ್ಲ."

ಫಕೀರಸಾಬ ಸಿಟ್ಟಿನಿಂದಲೇ ಹೊರಟ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡ. ಸಾಲಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ 'ಪೀಡನೆಮುಕ್ತ ಶಾಲೆ, ನಮ್ಮ ಶಾಲೆ' ಎಂದು ದೊಡ್ಡದಾಗಿ ಬರೆದಿತ್ತು. ಅದರ ಕೆಳಗೆ ದೂರು ಪೆಟ್ಟಿಗೆ. ಪೆಟ್ಟಿಗೆಯ ಸೀಳಿನಲ್ಲಿ ಕಣಜಗಳು ಗೂಡು ಕಟ್ಟಿದ್ದವು. ಹೆಡ್‌ಮಾಸ್ತರ ಸೋಮನಿಂಗ ಸರ್ ಇವನನ್ನು ಕಂಡವರೇ ಕುರ್ಚಿಯಿಂದ ಅರ್ಧ ಎದ್ದರು. ಫಕೀರಸಾಬನಿಗಾಗಿ ಆ ಊರಲ್ಲಿ ಯಾರೂ ಅರ್ಧ ಎದ್ದಿರಲಿಲ್ಲ. ಅಲ್ಲಿಗೇ ಅವನ ಬೈಗುಳ ಅರ್ಧ ಇಳಿಯಿತು.

"ಬಾ ಬಾ ಫಕೀರಸಾಬ. ನಿನಗ ಹೇಳಿ ಕಳಸಾಂವ ಇದ್ದೆ."

"ಸರ್ರ, ನನ್ನ ಮಗಳಿಗಿ ದಿನಾ ಬಡ್ಯಾಕತ್ತಾರ್ರಿ."

"ಯಾರು?"

"ಸುನೀಲಕುಮಾರ್ರಿ. ಮತ್ತ ಅಂವನ ಗುಂಪ."

ಸರ್ ಕನ್ನಡಕ ತೆಗೆದು ಒರೆಸಿದರು. "ಹುಡುಗ್ರು ಅಂದಮ್ಯಾಲ ಆಟ ಇರ್ತೈತಿ. ಆದ್ರೂ ಸಮಿತಿ ಐತಿ ಅದಕ್ಕ. ಪೆಟ್ಟಿಗ್ಯಾಗ ಹಾಕಿದ್ರ ಸಮಿತಿಯವ್ರು ತಗದು ನೋಡ್ತಾರ."

"ಪೆಟ್ಟಿಗಿ ಕೀಲಿ ಹಾಕೇತಲ್ರಿ. ಕಣಜ ಬ್ಯಾರೆ ಅದಾವು."

"ಕೀಲಿ ಕೈ ಅಧ್ಯಕ್ಷರ ಕಡೆ ಐತಿ."

"ಅಧ್ಯಕ್ಷರಂದ್ರ ರಾವಸಾಬ್ರ ಅಲ್ರೇನ್ರಿ?"

"ಮತ್ತ ಯಾರಿರ್ತಾರ?" ಸರ್ ಕನ್ನಡಕ ಹಾಕಿಕೊಂಡರು. "ಅದಿರ್ಲಿ. ಬರೂ ವಾರ ಪೀಡನೆ ತಡೆಯೋ ಬಗ್ಗೆ ದೊಡ್ಡ ಸಭಾ ಐತಿ. ಸಿಂದಗಿಯಿಂದ ಶಿಕ್ಷಣ ಇಲಾಖೆ ಸಾಹೇಬ್ರು ಬರಾಕತ್ತಾರ. ಸ್ಟೇಜಿಗಿ ಕುರ್ಚಿ ಬ್ಯಾಡ, ನಮ್ಮ ಕಡೆ ಪದ್ಧತಿ ಪ್ರಕಾರ ಬಿಳಿ ಗಾದಿ ಹಾಕಿ, ಲೋಡ ಇಟ್ಟು ಕುಂದ್ರಸೂನು ಅಂತ ಮಾಡೇವಿ. ನಿನ್ನ ಕಡಿಂದ ಒಂದು ಸೇವಾ ಆಗಲಿ. ದೊಡ್ಡದು ಬೇಕು."

ಫಕೀರಸಾಬ ಬಾಯಿ ತೆರೆದ. ಬೈಗುಳ ಬರಬೇಕಾದ ಜಾಗದಿಂದ ಬೇರೇನೋ ಬಂತು. "ಎಷ್ಟು ಮಂದಿ ಕುಂದರ್ತಾರ್ರಿ?"

ದೂರು ಕೊಡಲು ಹೋದವನು ಆರ್ಡರ್ ಹಿಡಿದು ಬಂದ.

"ಏನಂದ್ರು?" ಎಂದಳು ಅಬಿದಾ.

"ಗಾದಿ ಬೇಕಂತ."

ಅಬಿದಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ನಮ್ಮ ಕೂಸಿನ ಬೆನ್ನ ಬಡದಿದ್ದು ಸಾಲಲಿಲ್ಲೇನು ಅವ್ರಿಗಿ, ಕುಂಡಿ ಊರಾಕೂ ನಾವ ಬೇಕೇನು?"

ಆ ದಿನ ಅವನಿಗೆ ಕೂಳು ಸಿಗಲಿಲ್ಲ. ಮಾತಿಗೆ ತಪ್ಪುವ ಹೆಣ್ಣಲ್ಲ ಅವಳು. ಹಸಿದ ಹೊಟ್ಟೆಯಲ್ಲೇ ಫಕೀರಸಾಬ ಗಾದಿಗೆ ಕೂತ. ಇನ್ನೂ ಕೇಳಿರಿ: ಒಳ್ಳೆಯ ಹತ್ತಿಯನ್ನೇ ತುಂಬಿದ. ಕೈ ಹಾಗೆ ಕಲಿತುಬಿಟ್ಟಿತ್ತು. ಯಾರ ಮೇಲೆ ಸಿಟ್ಟಿದ್ದರೂ ಅವರಿಗೆ ಮೆತ್ತಗೆ ಮಾಡಿಕೊಡುವುದನ್ನೇ ಕಲಿತ ಕೈ ಅದು.

ಮರುದಿನ ರಾವಸಾಬನ ಮನೆಯ ಆಳು ಮಾಳಿಂಗ ಇನ್ನೊಂದು ಗಾದಿ ತಂದು ಇಳಿಸಿದ. "ಸುನೀಲಪ್ಪಂದಿದು. ಹತ್ತಿ ಗಟ್ಟಿ ಆಗೇತಂತ. ಬಡದು ಹೊಸಾ ಬಟ್ಟಿ ಹಾಕಬೇಕಂತ."

ಆವತ್ತು ನಿಷತ ಸಾಲಿಗೆ ಹೋಗಿರಲಿಲ್ಲ. ಗಾದಿಯ ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ಅಪ್ಪ. ಹೊಲಿಗೆ ಬಿಚ್ಚಿ ಬಟ್ಟೆ ಎತ್ತಿದರು. ನಡುವೆ ಉಚ್ಚೆಯ ಕಲೆ. ಕಂದು ಬಣ್ಣದ್ದೊಂದು, ಅದರ ಮೇಲೆ ಹಳದಿ, ಅದರ ಮೇಲೆ ಇನ್ನೂ ಹಸಿ ವಾಸನೆಯದು. ವರ್ಷಗಟ್ಟಲೆ ಒಂದರ ಮೇಲೊಂದು ಬಿದ್ದವು. ಮೊನ್ನೆಯದೂ ಇತ್ತು. ಎಂಟನೇ ಇಯತ್ತೆಯ ಹುಡುಗ.

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಲೆಯ ಮಗ್ಗುಲನ್ನು ಒಳಗೆ ಮಾಡಿ ಮಡಚಿದರು. ಕತ್ತರಿ ಹಾಕಿದರು. ನೇಮ ನೇಮವೇ.

ಆದರೆ ಫಕೀರಸಾಬನ ಹೊಟ್ಟೆಯಲ್ಲಿ ಒಂದು ಚಾಷ್ಟಿ ಹುಟ್ಟಿತು. ಮಷಿನ್ನಿನ ಮುಂದೆ ಕೂತರೂ ಅದೇ, ನಮಾಜಿಗೆ ನಿಂತರೂ ಅದೇ. ಎಲ್ಲಿ ನಿಲ್ಲಬೇಕು, ಎಲ್ಲಿ ಕಣ್ಣು ಹೊಡೆಯಬೇಕು ಎಲ್ಲ ಸಿದ್ಧವಾಯಿತು. ಜೀವಮಾನವಿಡೀ ತನ್ನ ಮೇಲೆ ನಗಿಸಿದವನಿಗೆ ಒಮ್ಮೆ ಇನ್ನೊಬ್ಬನ ಮೇಲೆ ನಗಿಸುವ ಅವಕಾಶ. ಅವನಿಗೆ ಬಹಳ ಖುಷಿಯಾಗಿತ್ತು.

"ಸಭಾದಾಗ ಒಂದು ಮಾತು ಒಗದ್ನಿ ಅಂದ್ರ ಅಂವ ಊರ ಬಿಟ್ಟು ಹೋಗ್ತಾನ," ಎಂದ, ಯಾರಿಗೂ ಅಲ್ಲದಂತೆ.

ನಿಷತ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಅಪ್ಪಾ, ಅದು ಗಾದಿ ಒಳಗಿನ ಮಾತು."

"ಅಂವ ನಿನ್ನ ಬಡದಾನವ್ವ."

"ಬಡದಾನ." ಅವಳು ದಾರ ಕಡಿದಳು. "ನಾ ಇನ್ನ ಸಾಲಿಗಿ ಹೋಗಂಗಿಲ್ಲ. ನಿನ್ನ ಸಂಗಾಟ ಗಾದಿ ಹೊಲೀತೇನಿ. ಇಲ್ಲಿ ಗಾದಿ ಅಂದ್ರ ಗಾದಿನ. ನಾ ಅಲ್ಲ."

ಅದನ್ನು ಅವಳು ಅಳದೆ ಹೇಳಿದಳು. ಫಕೀರಸಾಬ ಅವಳ ರೆಪ್ಪೆಗೆ ಹತ್ತಿದ ಹತ್ತಿ ನೋಡಿದ. ಇವಳೂ ಇಲ್ಲೇ ಕೂತು ಹತ್ತಿ ನುಂಗುತ್ತಾಳೆ, ಇವಳೂ ಸಂಜೆಗೆ ಮುದುಕಿಯಾಗುತ್ತಾಳೆ. "ಸಭಾಕ್ಕ ಒಂದಕ್ಕ ಬಾ," ಎಂದು ಬೇಡಿಕೊಂಡ. "ಆಮ್ಯಾಲ ನಿನ್ನ ಇಚ್ಛಾ."

ಸಭೆಯ ದಿನ ಗಾದಿ ಚೆನ್ನಾಗಿ ಕಂಡಿತು. ಸಿಂದಗಿಯಿಂದ ಬಂದ ಸಾಹೇಬರು ಅದರ ಮೇಲೆ ಕೂತು, ಒಮ್ಮೆ ಮೇಲೆ ಕೆಳಗೆ ಪುಟಿದು ನೋಡಿ, "ಮಸ್ತ್ ಐತ್ರಿ" ಎಂದರು. ಫಕೀರಸಾಬನಿಗೆ, ನಾಚಿಕೆಗೇಡು, ಒಂದು ಕ್ಷಣ ಹೆಮ್ಮೆಯೂ ಆಯಿತು. ರಾವಸಾಬ ಲೋಡಿಗೆ ಒರಗಿದ. ಸೋಮನಿಂಗ ಸರ್ ಪೀಡನೆಯ ದುಷ್ಪರಿಣಾಮಗಳ ಬಗ್ಗೆ ಮಾತಾಡಿದರು. ಹಾರ ಹಾಕಿದರು. ಚಪ್ಪಾಳೆಯಾಯಿತು.

ಆಮೇಲೆ ಮನರಂಜನೆ. ಸುವರ್ಣಾ ಟೀಚರ್ ಮೈಕಿಗೆ ಬಂದರು. "ಈಗ ನಮ್ಮ ಗ್ರಾಮೀಣ ಕಸುಬುಗಳ ಪರಿಚಯ. ಎಂಟನೇ ತರಗತಿಯ ನಿಷತ ಪಿಂಜಾರ ಮತ್ತು ಸುನೀಲಕುಮಾರ ಅವರಿಂದ ಗಾದಿ ಬಡಿಯುವ ಪ್ರದರ್ಶನ."

ನಿಷತಳಿಗೆ ಯಾರೂ ಮೊದಲು ಹೇಳಿರಲಿಲ್ಲ. ಇಬ್ಬರು ಹುಡುಗಿಯರು ಅವಳ ತೋಳು ಹಿಡಿದು ಮೇಲೆ ನೂಕಿದರು. ಸುನೀಲಕುಮಾರ ಸ್ಕೇಲು ಹಿಡಿದು ಬಂದ. ಅವಳ ಪಾಟಿಚೀಲವನ್ನೂ ತಂದಿದ್ದ. "ಬಗ್ಗಲೇ," ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಇಡೀ ಅಂಗಳಕ್ಕೆ ಕೇಳಿತು. ಮಕ್ಕಳೆಲ್ಲ ಒಂದೇ ದನಿಯಲ್ಲಿ ಟುಂಯ್ ಟುಂಯ್ ಶುರು ಮಾಡಿದರು. ಸಾಹೇಬರು ನಕ್ಕರು. ಅವರ ಡ್ರೈವರ್ ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದ. ರಾವಸಾಬನ ಹೊಟ್ಟೆ ಕುಲುಕಿತು. "ಲೇ ಫಕೀರ್ಯಾ, ಮಗಳು ನಿನ್ನ ಮೀರಸ್ತಾಳಲೇ," ಎಂದ.

ಫಕೀರಸಾಬನೂ ನಕ್ಕ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ದೊಡ್ಡವರು ನಕ್ಕರೆ ನಗುವ ಬಾಯಿ ಅದು, ಮಾಲಕನನ್ನು ಕೇಳದೆ ನಕ್ಕುಬಿಟ್ಟಿತು. ನಿಷತ ಸ್ಟೇಜಿನ ಮೇಲಿಂದ ಅದನ್ನು ನೋಡಿದಳು. ಬೇರೆ ಯಾರನ್ನೂ ನೋಡಲಿಲ್ಲ, ಅಪ್ಪನ ಹಲ್ಲನ್ನೇ ನೋಡಿದಳು.

ಅವನ ಬಾಯಿ ಮುಚ್ಚಿತು. ಕಾಲು ತಾವಾಗಿಯೇ ಮೆಟ್ಟಿಲು ಹತ್ತಿದವು. ಮೈಕು ಹಿಡಿದ. ಜನ ಮುಂದಕ್ಕೆ ಬಾಗಿದರು. ಫಕೀರಸಾಬ ಮೈಕು ಹಿಡಿದರೆ ಇನ್ನೇನು, ನಗಲು ತಯಾರಾದರು.

"ಮೊನ್ನಿ ರಾವಸಾಬ್ರ ಮನಿಂದ ಒಂದು ಗಾದಿ ಬಂದಿತ್ರಿ. ಸುನೀಲಕುಮಾರಂದು. ಅದನ್ನ ಬಿಚ್ಚಿದ್ನಿ."

ಅಲ್ಲಿ ನಿಲ್ಲಬೇಕು ಎಂದು ಅವನು ಮೊದಲೇ ಲೆಕ್ಕ ಹಾಕಿದ್ದ. ನಿಂತ. ರಾವಸಾಬನ ಹೊಟ್ಟೆ ಕುಲುಕುವುದು ನಿಂತಿತು. ಸುನೀಲಕುಮಾರನ ಕೈಯ ಸ್ಕೇಲು ನೆಲಕ್ಕೆ ಬಿತ್ತು. ಹುಡುಗನ ತುಟಿ ಬೆಳ್ಳಗಾಯಿತು. ಆ ಮುಖವನ್ನು ಫಕೀರಸಾಬ ಎಲ್ಲೋ ನೋಡಿದ್ದ. ತನ್ನ ಮನೆಯಲ್ಲೇ ನೋಡಿದ್ದ, ಸಾಲಿಯ ಗಂಟೆಯ ಹೊತ್ತಿಗೆ. ಆದರೂ ಮಾತು ನಾಲಿಗೆಯ ತುದಿಯಲ್ಲಿತ್ತು, ಸಿಹಿಯಾಗಿತ್ತು, ಅವನು ನುಂಗಲಾರದೆ ಹೋದ. ಇನ್ನೇನು ಹೇಳಿಬಿಡಬೇಕು.

"ಅಪ್ಪಾ, ಬ್ಯಾಡ," ಎಂದಳು ನಿಷತ.

ಅವಳು ಬಗ್ಗಿರಲಿಲ್ಲ. ಸುನೀಲಕುಮಾರನಿಂದ ಕಸಿದ ಚೀಲವನ್ನು ಎದೆಗೆ ಅವಚಿಕೊಂಡು ನೆಟ್ಟಗೆ ನಿಂತಿದ್ದಳು. ಬಂದು ಅಪ್ಪನ ಕೈಯಿಂದ ಮೈಕು ತೆಗೆದುಕೊಂಡಳು.

"ಗಾದ್ಯಾಗ ಹತ್ತಿ ಇತ್ತು. ಅಷ್ಟ." ಸಾಹೇಬರ ಕಡೆ ತಿರುಗಿದಳು. "ನಾ ಬಗ್ಗಂಗಿಲ್ಲ. ಇದು ಪ್ರದರ್ಶನ ಅಲ್ರಿ. ದಿನಾ ಊಟದ ಬಿಡುವಿನ್ಯಾಗ ನನ್ನ ಹಿಂಗ ಬಡೀತಾರ. ಸುನೀಲಕುಮಾರ ಬಡೀತಾನ. ಉಳದವ್ರೂ ಬಡೀತಾರ. ಸುವರ್ಣಾ ಟೀಚರ್ರ, ನೀವು ಕಿಡಕ್ಯಾಗಿಂದ ನೋಡೀರಿ. ಗದ್ದಲ ಮಾಡಬ್ಯಾಡ್ರಿ ಅಂದ್ರಿ, ಬಡೀಬ್ಯಾಡ್ರಿ ಅನ್ನಲಿಲ್ಲ. ಬಡದ್ರ ಬ್ಯಾನಿ ಆಗ್ತೈತಿ. ನಾ ನಕ್ಕಿದ್ದು ನಗಿ ಬಂದು ಅಲ್ಲ."

ಸುವರ್ಣಾ ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡರು. ಅಂಗಳದಲ್ಲಿ ಟುಂಯ್ ನಿಂತಿತ್ತು. ಸಾಹೇಬರು ಗಂಟಲು ಸರಿ ಮಾಡಿಕೊಂಡರು. "ಆಯ್ತಮ್ಮ, ಆಯ್ತು. ಸಮಿತಿಯವರು ಎಲ್ಲರೂ ಕೂತು ಮಾತಾಡೋಣ."

ಆಗ ಫಕೀರಸಾಬನಿಗೆ ಮಾತು ಸಿಕ್ಕಿತು. ಚಾಷ್ಟಿಯಲ್ಲದ ಮಾತು. ಬಹಳ ದಿನ ಬಳಸದೆ ಗಂಟಲಲ್ಲಿ ಹತ್ತಿಯಂತೆ ಸಿಕ್ಕಿಕೊಂಡಿದ್ದು.

"ಏಳ್ರಿ ಸಾಹೇಬ್ರ."

"ಏನು?"

"ಏಳ್ರಿ. ಸರ್ರ, ನೀವೂ ಏಳ್ರಿ. ರಾವಸಾಬ್ರ, ಏಳ್ರಿ. ಇದು ನನ್ನ ಹತ್ತಿ. ಕುಂತು ಮಾತಾಡಿದ್ದು ಸಾಕಾತು. ನಿಂತು ಮಾತಾಡ್ರಿ."

ರಾವಸಾಬ ಗುಡುಗಿದ. "ಲೇ ಪಿಂಜಾರಾ, ಯಾರ ಮುಂದ ನಿಂತಿ ಅನ್ನೂ ಖಬರ ಐತೇನು?"

"ಖಬರ ಐತ್ರಿ. ನನ್ನ ಮಗಳ ಮುಂದ ನಿಂತೇನಿ."

ಗಾದಿಯ ಅಂಚು ಹಿಡಿದು ಎಳೆದ. ಸಾಹೇಬರು ಎದ್ದರು. ಸೋಮನಿಂಗ ಸರ್ ಎದ್ದರು. ರಾವಸಾಬ ಏಳಲಿಲ್ಲ. ಫಕೀರಸಾಬ ಇನ್ನೊಮ್ಮೆ ಎಳೆದ. ರಾವಸಾಬ ಲೋಡಿನ ಸಮೇತ ಹಲಗೆಗೆ ಉರುಳಿ, ಕೈ ಊರಿ ಎದ್ದ. ಗಾದಿ ಸುತ್ತಿ ತಲೆಯ ಮೇಲೆ ಎತ್ತಿಕೊಂಡು ದಿಮಾಕಿನಿಂದ ಇಳಿದು ಹೋಗಬೇಕು ಎಂಬುದು ಫಕೀರಸಾಬನ ಆಸೆ. ಎತ್ತಿದರೆ ಏಳಲಿಲ್ಲ. ವೈರಿಗಳ ಕುಂಡಿಗೆ ಒಳ್ಳೆಯ ಹತ್ತಿ ಒತ್ತಿ ಒತ್ತಿ ತುಂಬಿದವನಿಗೆ ತಕ್ಕ ಶಾಸ್ತಿ. ಕೆಮ್ಮು ಬೇರೆ ಹತ್ತಿಕೊಂಡಿತು. ನಿಷತ ಚೀಲ ಹೆಗಲಿಗೆ ಹಾಕಿ ಇನ್ನೊಂದು ತುದಿ ಹಿಡಿದಳು. ಅಪ್ಪ ಮಗಳು ಏದುಸಿರು ಬಿಡುತ್ತ ಹೊತ್ತುಕೊಂಡು ನಡೆದರು. ಯಾರೂ ನಗಲಿಲ್ಲ. ನಕ್ಕರೂ ತಪ್ಪೇನಿರಲಿಲ್ಲ, ನೋಟ ಹಾಗಿತ್ತು.

ಆಮೇಲೆ ಸಾಹೇಬರು ನಿಂತೇ ಮಾತಾಡಿದರಂತೆ. ದೂರು ಪೆಟ್ಟಿಗೆಯ ಕೀಲಿಕೈ ಸಿಗದೆ ಕಲ್ಲಿನಿಂದ ಬೀಗ ಒಡೆಸಿದರಂತೆ. ಕಣಜವೊಂದು ಸೋಮನಿಂಗ ಸರ್ ಮೂಗಿಗೆ ಕಡಿಯಿತಂತೆ. ಇದನ್ನು ಫಕೀರಸಾಬ ಕಣ್ಣಾರೆ ಕಂಡಿಲ್ಲ, ಆದರೆ ನಂಬುತ್ತಾನೆ. ಈಗ ಊಟದ ಬಿಡುವಿನಲ್ಲಿ ಸುವರ್ಣಾ ಟೀಚರ್ ಕಿಟಕಿಯ ಒಳಗಲ್ಲ, ಹೊರಗೆ ಅಂಗಳದಲ್ಲಿ ನಿಲ್ಲುತ್ತಾರೆ. ನಿಷತ ಸಾಲಿಗೆ ಹೋಗುತ್ತಾಳೆ. ಸೋಮವಾರ ಬೆಳಿಗ್ಗೆ ಯಾರೂ ಕೇಳದೆ ತಾನೇ ಚೀಲ ತೆಗೆದುಕೊಂಡು ಹೊರಟಳು. ಜಡೆ ಬಿಗಿಯಾಗಿ ಹಾಕು ಎಂದು ತಾಯಿಗೆ ಹೇಳಿದಳು, ಅಷ್ಟೇ.

ಊರಲ್ಲಿ ಮಾತ್ರ ಫಕೀರಸಾಬನಿಗೆ ಕೆಲಸ ನಿಂತಿತು. ರಾವಸಾಬನ ಮಾತು ಮನೆಮನೆಗೂ ಹೋಗಿತ್ತು. ಮಷಿನ್ನನ್ನು ಟಂಟಂ ಗಾಡಿಗೆ ಹೇರಿಕೊಂಡು ಅವನೀಗ ನಾಲತವಾಡಕ್ಕೆ, ನಿಡಗುಂದಿಗೆ ಹೋಗುತ್ತಾನೆ. ಅಲ್ಲಿಯವರಿಗೆ ಅವನ ಚಾಷ್ಟಿ ಗೊತ್ತಿಲ್ಲ. ಅವನೂ ಹೇಳಿಕೊಡುವುದಿಲ್ಲ.

ಮೊದಲ ಸಲ ಹಾಗೆ ಹೊರಡುವ ಮುನ್ನ ಒಂದು ಕೆಲಸ ಬಾಕಿಯಿತ್ತು. ಸುನೀಲಕುಮಾರನ ಗಾದಿಗೆ ಹತ್ತಿ ಬಡಿದು ತುಂಬಿ, ಹೊಸ ಬಟ್ಟೆ ಹಾಕಿ ಹೊಲಿದಿದ್ದ. ಹೊತ್ತುಕೊಂಡು ರಾವಸಾಬನ ಮನೆಗೆ ಹೋದ. ಬಾಗಿಲಲ್ಲಿ ಸುನೀಲಕುಮಾರನೇ ನಿಂತಿದ್ದ. ಹುಡುಗ ಹಿಂದೆ ನೋಡಿದ, ಮುಂದೆ ನೋಡಿದ, ದನಿ ತಗ್ಗಿಸಿದ.

"ಯಾರಿಗೂ ಹೇಳಿಲ್ಲಲ್ರಿ?"

ಆ ಹುಡುಗನ ಬಾಯಲ್ಲಿ ಫಕೀರಸಾಬ 'ರಿ' ಕೇಳಿದ್ದು ಅದೇ ಮೊದಲು. ಗಾದಿಯನ್ನು ಕಟ್ಟೆಗೆ ಇಳಿಸಿ ಬೆನ್ನು ನೆಟ್ಟಗೆ ಮಾಡಿದ.

"ನಿನ್ನ ಗಾದಿ ಒಳಗಿಂದು ನಾ ಯಾರಿಗೂ ಹೇಳಂಗಿಲ್ಲ. ಅದು ನಿನ್ನ ತಪ್ಪಲ್ಲ. ನನ್ನ ಮಗಳ ಬೆನ್ನ ಮ್ಯಾಲಿಂದು ಎಲ್ಲಾರಿಗೂ ಹೇಳ್ತೇನಿ. ಅದು ನಿನ್ನ ತಪ್ಪು."

ಹೇಳುವಾಗ ಅವನ ಗಡ್ಡದ ತುಂಬ ಹತ್ತಿಯಿತ್ತು. ಹುಡುಗ ಅದನ್ನು ನೋಡಿದ, ನಗಲಿಲ್ಲ.